ರಾತಾ ಕ್ರೀಕ್ ಶಾಖೆಯ ಪ್ರಶ್ನೆ

ರಾತಾ ಕ್ರೀಕ್
ಆಗಸ್ಟ್ 4

ಪ್ರೀತಿಯ ಕ್ಲಾರೀ,

ಕ್ರಿಸ್‌ಮಸ್ ಅಲ್ಲದ ಕಾಲದಲ್ಲಿ ಅಕ್ಕನ ಕಾಗದ ಬಂತೆಂದು ಗಾಬರಿಯಾಗಬೇಡ, ತಮ್ಮಾ. ಯಾರೂ ಸತ್ತಿಲ್ಲ. ನಮ್ಮ ಪಕ್ಷದ ನಾಯಕ ಮಾತ್ರ ರಾಜೀನಾಮೆ ಕೊಟ್ಟಿದ್ದಾನೆ, ರೇಡಿಯೋದಲ್ಲಿ ಕೇಳಿರುತ್ತೀಯ.

ಈ ಸಲ ಹೊಸ ನಾಯಕನನ್ನು ಪಾರ್ಲಿಮೆಂಟಿನವರು ತಮ್ಮತಮ್ಮಲ್ಲೇ ಬಾಗಿಲು ಹಾಕಿಕೊಂಡು ಆರಿಸುವ ಹಾಗಿಲ್ಲ. ಕಾರ್ಡು ಇರುವ ಪ್ರತಿಯೊಬ್ಬ ಸದಸ್ಯನಿಗೂ ಒಂದು ವೋಟು. ನೀನು ಗಣಿಯಲ್ಲಿದ್ದ ಕಾಲದಲ್ಲಿ ಮೇಜು ಗುದ್ದಿ ಗುದ್ದಿ ಕೇಳುತ್ತಿದ್ದದ್ದು ಇದನ್ನೇ. ಮೂವರು ನಿಂತಿದ್ದಾರೆ: ಫಿಲಿಪಾ ರೆನ್ವಿಕ್, ಗಾರ್ಡನ್ ಲೀಸ್ಕ್, ರಾವಿರಿ ಪೇವಾಯಿ. ಮುಂದಿನ ತಿಂಗಳು ಮೂವರೂ ಗ್ರೇಮೌತ್‌ಗೆ ಬಂದು ನಮ್ಮ ಕರಾವಳಿಯ ಸದಸ್ಯರ ಎದುರು ಕೂರುತ್ತಾರೆ. ಒಂದೊಂದು ಶಾಖೆಗೂ ಒಂದೊಂದು ಪ್ರಶ್ನೆ ಕೇಳುವ ಅವಕಾಶ.

ಮಂಗಳವಾರ ಹಾಲ್‌ನಲ್ಲಿ ಶಾಖೆಯ ಸಭೆ ಮಾಡಿದೆವು. ಜೀನ್ ಚೀಸ್ ಹಾಕಿದ ಸ್ಕೋನ್ ಬನ್ನು ಮಾಡಿ ತಂದಿದ್ದಳು. ಆಲ್ಫ್ ಎಂದಿನಂತೆ ತಡವಾಗಿ ಬಂದು, "ಮೂವರಲ್ಲಿ ಯಾರಾದ್ರೂ ಸಲಿಕೆ ಹಿಡಿದಿದ್ದಾರೇನ್ರೋ?" ಎಂದ. ಅದರ ಮೇಲೆ ಅರ್ಧ ಸಂಜೆ ಕಳೆಯಿತು. ಪ್ರಶ್ನೆ ಯಾವುದೆಂದು ಮಾತ್ರ ತೀರ್ಮಾನವಾಗಲಿಲ್ಲ.

ನೀನು ಮತ್ತೆ ಸೇರಬಾರದೇ, ಕ್ಲಾರೀ? ಈ ತಿಂಗಳ ಕೊನೆಯೊಳಗೆ ಹೆಸರು ಕೊಟ್ಟರೆ ವೋಟು ಸಿಗುತ್ತದೆ. ನೀನು ಕಾರ್ಡು ಹರಿದು ಎದ್ದುಹೋಗಿ ಬಹಳ ವರ್ಷವಾಯಿತು. ಅಂದು ಗಣಿ ಮಾರಿದ ನಮ್ಮದೇ ಪಕ್ಷದ ಮಂತ್ರಿಗಳಲ್ಲಿ ಅರ್ಧ ಜನ ಮಣ್ಣಾಗಿದ್ದಾರೆ. ಉಳಿದರ್ಧಕ್ಕೆ ಸರ್ ಪದವಿ ಸಿಕ್ಕಿದೆ.

ನಿನ್ನ ಅಕ್ಕ,
ಥೆಲ್ಮಾ

*

ಬ್ಲಫ್
ಆಗಸ್ಟ್ 19

ಪ್ರೀತಿಯ ಥೆಲ್ಮಾ,

ಅಕ್ಷರ ನನ್ನದಲ್ಲ ಎಂದು ಆಶ್ಚರ್ಯಪಡಬೇಡ. ಮೆಟ್ಟಿಲ ಮೇಲೆ ಜಾರಿ ಕೈ ಉಳುಕಿದೆ. ನಾನು ಹೇಳುತ್ತಿದ್ದೇನೆ, ಪಕ್ಕದ ಮನೆಯ ಸೆಫಿನಾ ಬರೆಯುತ್ತಿದ್ದಾಳೆ. ಸಮೋವಾದವಳು, ಮೀನು ಕಾರ್ಖಾನೆಯಲ್ಲಿ ಕೆಲಸ. ಕೆಟ್ಟ ಮಾತು ಬಂದರೆ ಬರೆಯುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದಾಳೆ. ಹಾಗಾಗಿ ಪಕ್ಷದ ಬಗ್ಗೆ ಹೆಚ್ಚು ಹೇಳಲು ಆಗುವುದಿಲ್ಲ.

ಸೇರುವುದಿಲ್ಲ. ಹರಿದ ಕಾರ್ಡನ್ನು ಅಂಟಿಸುವ ಗೋಂದು ಇನ್ನೂ ಬಂದಿಲ್ಲ.

ಆದರೆ ಶಾಖೆಗೆ ಪ್ರಶ್ನೆ ಬೇಕಿದ್ದರೆ ಕೊಡುತ್ತೇನೆ. ಮೂವರನ್ನೂ ಸಾಲಾಗಿ ಕೂರಿಸಿ ಕೇಳಿ: "ನಮ್ಮ ಗಣಿ ಮಾರಿದ ವರ್ಷ ನೀವು ಎಲ್ಲಿದ್ರಿ? ಬಾಯಿ ಬಿಟ್ರಾ, ಮುಚ್ಕೊಂಡ್ರಾ?" ಲೀಸ್ಕ್ ಆಗಲೇ ಪಾರ್ಲಿಮೆಂಟಿನಲ್ಲಿದ್ದ. ಅವನ ಮುಖ ಹೇಗಾಗುತ್ತದೆ ನೋಡಿ ಬರೆ.

ಆಲ್ಫ್‌ಗೆ ನನ್ನ ನೆನಪು ಹೇಳು. ಅವನ ಮೊಣಕಾಲು ಹೇಗಿದೆ? ಈಗಲೂ ಹೀಟರಿನ ಪಕ್ಕದ ಕುರ್ಚಿಗೇ ಜಗಳವಾಡುತ್ತಾನೆಯೇ?

ಕ್ಲಾರಿ

*

ರಾತಾ ಕ್ರೀಕ್
ಆಗಸ್ಟ್ 25

ಪ್ರೀತಿಯ ಕ್ಲಾರೀ,

ಎರಡು ವಾರ ಉತ್ತರವಿಲ್ಲದಿದ್ದಾಗ ನೀನು ಸಿಟ್ಟಾದೆ ಎಂದುಕೊಂಡಿದ್ದೆ. ಕೈ ಉಳುಕಿದ್ದಕ್ಕೆ ಸಂತೋಷಪಡಬಾರದು, ಆದರೂ ಪಟ್ಟೆ.

ನಿನ್ನ ಪ್ರಶ್ನೆಯನ್ನು ಸಭೆಯಲ್ಲಿ ಓದಿದೆ. ಜೀನ್, "ಹಳೇ ಗಾಯ ಕೆರೆಯೋದು ಬೇಡ, ಹೆರಿಗೆ ಆಸ್ಪತ್ರೆ ವಿಷಯ ಕೇಳೋಣ" ಅಂದಳು. ಆಲ್ಫ್ ಬಿಡಲಿಲ್ಲ. "ಕ್ಲಾರಿ ಪ್ರಶ್ನೆ ಅಂದ್ರೆ ಕ್ಲಾರಿ ಪ್ರಶ್ನೆ. ಅವನು ಗಣಿ ಒಳಗೆ ನನ್ನ ಮುಂದೆ ಹೋಗ್ತಿದ್ದ, ಇಲ್ಲೂ ಅವನೇ ಮುಂದೆ" ಅಂದ. ಕೈ ಎತ್ತಿಸಿದೆವು. ನಿನ್ನದೇ ಗೆದ್ದಿತು. ಅವನ ಮೊಣಕಾಲು ಹಾಗೇ ಇದೆ. ಕುರ್ಚಿಯೂ ಅವನದೇ.

ನಿನ್ನ ಪಕ್ಕದಲ್ಲಿ ಮಾತಿಗೊಬ್ಬಳು ಇದ್ದಾಳೆ ಎಂದು ತಿಳಿದು ಸಮಾಧಾನವಾಯಿತು. ನೀನು ಆ ತುದಿಯ ಊರಲ್ಲಿ ಸಮುದ್ರ ನೋಡುತ್ತಾ ಒಬ್ಬನೇ ಕೂತಿರುತ್ತೀಯ ಎಂದು ಎಷ್ಟೋ ಸಲ ಅನ್ನಿಸುತ್ತಿತ್ತು. ಸೆಫಿನಾ, ಇದನ್ನು ಓದುತ್ತಿದ್ದರೆ ನಿನಗೆ ನನ್ನ ವಂದನೆ. ಅವನು ಸಾರಿಗೆ ಉಪ್ಪು ಜಾಸ್ತಿ ಹಾಕಿಕೊಳ್ಳುತ್ತಾನೆ, ಬಿಡಬೇಡ.

ತಿಂಗಳ ಕೊನೆಗೆ ಇನ್ನೂ ದಿನ ಇದೆ, ಕ್ಲಾರೀ.

ಥೆಲ್ಮಾ

*

ಬ್ಲಫ್
ಸೆಪ್ಟೆಂಬರ್ 3

ಪ್ರೀತಿಯ ಥೆಲ್ಮಾ,

ದಿನ ಮುಗಿಯಿತು. ನಾನು ಸೇರಲಿಲ್ಲ.

ನಿನಗೆ ಅಲ್ಲಿ ಮಾತಿಗೆ, ಜಗಳಕ್ಕೆ, ಸ್ಕೋನಿಗೆ ಜನ ಇದ್ದಾರೆ. ಒಂದು ಹರಕು ಕಾರ್ಡಿನವನು ಸೇರಿ ಏನಾಗಬೇಕು?

ಆಲ್ಫ್ ಇನ್ನೇನು ಹೇಳಿದ? ಮುಂದಿನ ಕಾಗದದಲ್ಲಿ ಅವನ ಮಾತು ಇನ್ನಷ್ಟು ಬರೆ. ಸೆಫಿನಾ ಅವನ ಮಾತನ್ನು ಓದಿದಾಗ ಗಟ್ಟಿಯಾಗಿ ನಕ್ಕೆ. ಬಹಳ ದಿನದ ಮೇಲೆ.

ಕೈ ಇನ್ನೂ ವಾಸಿಯಾಗಿಲ್ಲ.

ಕ್ಲಾರಿ

*

ರಾತಾ ಕ್ರೀಕ್
ಸೆಪ್ಟೆಂಬರ್ 10

ಪ್ರೀತಿಯ ಕ್ಲಾರೀ,

ಶನಿವಾರ ಗ್ರೇಮೌತ್‌ಗೆ ಹೋಗಿ ಬಂದೆವು. ಜನ ಚೆನ್ನಾಗಿ ಸೇರಿದ್ದರು. ಪ್ರಶ್ನೆ ಕೇಳಿದ್ದಾಯಿತು, ಉತ್ತರವೂ ಬಂತು. ವಿವರ ಇನ್ನೊಮ್ಮೆ ಬರೆಯುತ್ತೇನೆ, ಸ್ವಲ್ಪ ನೆಗಡಿ.

ಹೊಳೆಯಲ್ಲಿ ಸಣ್ಣ ಬಿಳಿಮೀನು ಬರಲು ಶುರುವಾಗಿದೆ. ನಿನ್ನ ಜಾಗದಲ್ಲಿ ಯಾರೋ ಕ್ರೈಸ್ಟ್‌ಚರ್ಚಿನವನು ಬಲೆ ಹಿಡಿದು ನಿಂತಿದ್ದ.

ಥೆಲ್ಮಾ

*

ಬ್ಲಫ್
ಸೆಪ್ಟೆಂಬರ್ 14

ಪ್ರೀತಿಯ ಥೆಲ್ಮಾ,

ನಿನ್ನ ನೆಗಡಿಯ ಕಾಗದ ಬರುವ ಮೊದಲೇ ನಿನ್ನ ದನಿ ಇಲ್ಲಿಗೆ ಬಂದಿತ್ತು. ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಗ್ರೇಮೌತ್ ಸಭೆಯ ಸುದ್ದಿ ಹೇಳುತ್ತಿದ್ದರು. ಅಧ್ಯಕ್ಷ ಯಾರನ್ನೋ ಕೇಳಿದ, "ಉಳಿದವರೆಲ್ಲಿ?" ಅಂತ. "ಉಳಿದವ್ರು ಯಾರೂ ಇಲ್ಲ, ನಾನೇ ಶಾಖೆ" ಎಂದು ಒಬ್ಬ ಹೆಂಗಸು ಹೇಳಿದಳು. ಕೈಯಲ್ಲಿದ್ದ ಟೀ ಲೋಟವನ್ನು ಕೆಳಗಿಟ್ಟೆ. ಆ ದನಿಯನ್ನು ನಾನು ತೊಟ್ಟಿಲಿನಿಂದ ಕೇಳಿದ್ದೇನೆ.

ಅಷ್ಟೇ ಹಾಕಿದರು. ಆಮೇಲೆ ಹವಾಮಾನ ವರದಿ.

ಥೆಲ್ಮಾ, ಆಲ್ಫ್ ತೀರಿಕೊಂಡ ವಿಷಯ ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಪತ್ರಿಕೆಯ ಮರಣವಾರ್ತೆಯಲ್ಲಿ ನಾನೇ ಓದಿದ್ದೆ. ಆ ಕ್ರಿಸ್‌ಮಸ್‌ಗೆ ನೀನು ಬರೆಯುತ್ತೀಯ ಎಂದು ಕಾದೆ, ಬರೆಯಲಿಲ್ಲ. ಈ ಸಲ ಅವನು ತಡವಾಗಿ ಸಭೆಗೆ ಬಂದ ಎಂದು ಬರೆದೆ. ಮೊದಲು ಸಿಟ್ಟು ಬಂತು. ಬೇಕೆಂದೇ ಮೊಣಕಾಲಿನ ವಿಷಯ ಕೇಳಿದೆ, ಈಗಲಾದರೂ ಹೇಳುತ್ತೀಯ ಎಂದು. ನೀನು ಅವನಿಂದ ಇನ್ನೂ ಮಾತಾಡಿಸಿದೆ. ಚೆನ್ನಾಗಿಯೇ ಮಾತಾಡಿದ, ಹಾಳಾದವನು. ಬದುಕಿದ್ದರೆ ಹಾಗೆಯೇ ಹೇಳುತ್ತಿದ್ದ. ಅದಕ್ಕೇ ಇನ್ನಷ್ಟು ಬರೆ ಎಂದೆ. ಆದರೆ ಉಳಿದವರೆಲ್ಲ ಇದ್ದಾರೆ ಎಂದೇ ನಂಬಿದ್ದೆ. ಆಲ್ಫ್ ಒಬ್ಬನನ್ನು ಬಿಟ್ಟುಕೊಡಲಾರದೆ ಹೀಗೆ ಬರೆಯುತ್ತಿದ್ದೀಯ ಎಂದುಕೊಂಡಿದ್ದೆ. ಇಡೀ ಹಾಲ್ ಖಾಲಿ ಎಂದು ತಿಳಿದಿರಲಿಲ್ಲ.

ಇನ್ನೊಂದು. ನನ್ನ ಕೈಗೆ ಏನೂ ಆಗಿಲ್ಲ. ಆಗಿರುವುದು ಕಣ್ಣಿಗೆ. ಈಗ ಅಂಚಿನಲ್ಲಿ ಬೆಳಕು ಕಾಣುತ್ತದೆ, ನಡುವೆ ಏನೂ ಇಲ್ಲ. ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖವಿಲ್ಲ. ಆಸ್ಪತ್ರೆಯವರು ಇದು ತಿರುಗಿ ಬರುವುದಿಲ್ಲ ಎಂದಿದ್ದಾರೆ. ಸೆಫಿನಾ ವಾರಕ್ಕೊಮ್ಮೆ, ಅವಳ ರಜೆಯ ದಿನ, ಕಾಗದ ಓದುತ್ತಾಳೆ. ಅವಳಿಗೂ ಮೂವರು ಮಕ್ಕಳಿದ್ದಾರೆ. ಉಳಿದ ದಿನಗಳಲ್ಲಿ ರೇಡಿಯೋ.

ಅಲ್ಲಿ ನಿಜವಾಗಿ ಏನಾಯಿತು, ಬರೆ.

ಕ್ಲಾರಿ

*

ರಾತಾ ಕ್ರೀಕ್
ಸೆಪ್ಟೆಂಬರ್ 20

ಕ್ಲಾರೀ,

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ಗೊತ್ತಿದ್ದೂ ನನ್ನಿಂದ ಸತ್ತವನ ಮಾತು ಬರೆಸಿದೆಯಲ್ಲ! ಮೂರನೆಯ ದಿನ ಕಣ್ಣಿನ ವಿಷಯದ ಸಾಲುಗಳನ್ನೇ ಮತ್ತೆ ಮತ್ತೆ ಓದಿದೆ. ಆಮೇಲೆ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಆಲ್ಫ್ ಕೊನೆಯ ವಾರ ಆಸ್ಪತ್ರೆಯಲ್ಲಿ, "ಕ್ಲಾರಿ ಬರ್ತಾನಾ?" ಎಂದು ಕೇಳಿದ. ನಿನಗೆ ತಿಳಿಸಿರಲಿಲ್ಲ, ನಾಳೆ ಬರೆದರಾಯಿತು ಎಂದಿದ್ದೆ. ನಾಳೆಯೊಳಗೆ ಅವನು ಹೋದ. ಆಮೇಲೆ ಹೇಗೆ ಬರೆಯಲಿ? ಜೀನ್ ಮಗಳ ಜೊತೆ ಪರ್ತ್‌ಗೆ ಹೋದಳು. ಉಳಿದವರಲ್ಲಿ ಕೆಲವರು ಸ್ಮಶಾನಕ್ಕೆ, ಕೆಲವರು ಎದುರು ಪಕ್ಷಕ್ಕೆ, ಹೆಚ್ಚಿನವರು ಟಿವಿಯ ಮುಂದಕ್ಕೆ. ಆದರೂ ತಿಂಗಳ ಮೊದಲ ಮಂಗಳವಾರ ಹಾಲ್ ತೆಗೆದು, ಹೀಟರ್ ಹಾಕಿ, ಒಂದು ಗಂಟೆ ಕೂತು ಬರುತ್ತೇನೆ. ಸ್ಕೋನ್ ನಾನೇ ಮಾಡುತ್ತೇನೆ. ಜೀನ್ ಮಾಡಿದಷ್ಟು ಚೆನ್ನಾಗಿರುವುದಿಲ್ಲ.

ಈಗ ಗ್ರೇಮೌತ್.

ಬೆಳಗಿನ ಬಸ್ಸಿಗೆ ಹೋದೆ. ಹಳೆಯ ಕಾರ್ಮಿಕ ಸಂಘದ ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಮೂವರು, ಮೂರು ಲೋಟ ನೀರು. ರೆನ್ವಿಕ್ ಎಲ್ಲರ ಎದೆಯ ಮೇಲಿನ ಹೆಸರಿನ ಚೀಟಿ ಓದಿ ಓದಿ ಹೆಸರು ಹಿಡಿದು ಕರೆಯುತ್ತಿದ್ದಳು. ಲೀಸ್ಕ್ ಮುದುಕನಾಗಿದ್ದಾನೆ, ನೋಡಿದರೆ ನಿನಗೂ ಬೈಯಲು ಮನಸ್ಸು ಬರುತ್ತಿರಲಿಲ್ಲ. ಪೇವಾಯಿ ಮಾತ್ರ ಕುರ್ಚಿಯ ತುದಿಯಲ್ಲಿ ಕೂತಿದ್ದ, ಬಸ್ಸು ತಪ್ಪುತ್ತದೆ ಎನ್ನುವವನ ಹಾಗೆ.

ಜನ ಬಿಡಲಿಲ್ಲ ಅವರನ್ನು. ಹೊಕಿಟಿಕಾದ ನರ್ಸೊಬ್ಬಳು, "ಆಂಬುಲೆನ್ಸ್ ಬರೋ ಹೊತ್ತಿಗೆ ಮಗು ಹುಟ್ಟಿ ಸ್ಕೂಲಿಗೆ ಹೋಗಿರುತ್ತೆ, ಏನ್ಮಾಡ್ತೀರಿ?" ಎಂದಳು. ಮೀನು ಹಿಡಿಯುವವನೊಬ್ಬ ಲೀಸ್ಕ್‌ಗೆ, "ಸ್ವಾಮೀ, ಹೌದೋ ಅಲ್ವೋ ಹೇಳಿ ಸಾಕು, ನಡುವೆ ಈಜ್ಬೇಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಗಲಾಟೆಯ ನಡುವೆ ಕೂತು ಎಷ್ಟು ಸಂತೋಷವಾಯಿತು ಗೊತ್ತೇ? ಪಕ್ಕದವರ ಮೊಣಕೈ ತಗಲುತ್ತಿತ್ತು.

ಒಂದೊಂದೇ ಶಾಖೆಯನ್ನು ಕರೆಯುತ್ತಿದ್ದರು. ಕರೆದ ಶಾಖೆಯವರೆಲ್ಲ ಎದ್ದು ನಿಲ್ಲಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು, ಆಮೇಲೆ ಪ್ರಶ್ನೆ. ಈ ಎದ್ದು ನಿಲ್ಲುವ ವಿಷಯ ನನಗೆ ಮೊದಲೇ ಗೊತ್ತಿದ್ದರೆ ಹೋಗುತ್ತಲೇ ಇರಲಿಲ್ಲ.

"ರಾತಾ ಕ್ರೀಕ್! ಎಲ್ಲಾ ಏಳಿ ಏಳಿ, ನಾಚ್ಕೋಬೇಡಿ!" ಎಂದ ಅಧ್ಯಕ್ಷ.

ಎದ್ದೆ. ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು.

"ಉಳಿದವರೆಲ್ಲಿ? ಟೀ ಕುಡಿಯೋಕೆ ಹೋದ್ರಾ?"

"ಉಳಿದವ್ರು ಯಾರೂ ಇಲ್ಲ, ನಾನೇ ಶಾಖೆ."

ತಮಾಷೆ ಎಂದುಕೊಂಡು ಕೆಲವರು ನಕ್ಕರು. ಮೈಕ್ ಕೈಗೆ ಬಂತು. ನಿನ್ನ ಪ್ರಶ್ನೆ ಕೋಟಿನ ಜೇಬಿನಲ್ಲಿತ್ತು, ಕ್ಲಾರೀ. ಬಾಯಿಪಾಠವೂ ಆಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ.

"ನಂಗೆ ಆಸ್ಪತ್ರೆ ಬೇಡ, ರಸ್ತೆ ಬೇಡ" ಎಂದೆ. "ನಮ್ಮ ಹಾಲ್‌ನಲ್ಲಿ ಒಂದು ಠರಾವು ಮಾಡ್ಬೇಕು ಅಂದ್ರೆ ಮಂಡಿಸೋಕೆ ಒಬ್ರು, ಅನುಮೋದಿಸೋಕೆ ಒಬ್ರು ಬೇಕು. ಮಂಡಿಸೋಕೆ ನಾನಿದ್ದೀನಿ. ನಿಮ್ಮಲ್ಲಿ ಗೆದ್ದವರು ಒಂದು ಮಂಗಳವಾರ ಸಂಜೆ ಬಂದು ನನ್ನ ಜೊತೆ ಕೂರ್ತೀರಾ? ಭಾಷಣ ಬೇಡ, ಫೋಟೋ ಬೇಡ. ಸುಮ್ನೆ ಕೂರೋಕೆ."

ರೆನ್ವಿಕ್ ಮೊದಲು ಮಾತಾಡಿದಳು. "ಥೆಲ್ಮಾ, ನೀವು ಒಬ್ರೇ ಅಲ್ಲ. ಈ ದೇಶದ ತುಂಬಾ ನಮ್ಮ ಸಾವಿರಾರು ಸದಸ್ಯರು ನಿಮ್ಮ ಜೊತೆಗಿದ್ದಾರೆ!" ಹಾಲ್ ಕಿತ್ತುಹೋಗುವ ಹಾಗೆ ಚಪ್ಪಾಳೆ. ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಲೀಸ್ಕ್ ಗ್ರಾಮೀಣ ಶಾಖೆಗಳ ಪುನಶ್ಚೇತನ ಸಮಿತಿ ಮಾಡುತ್ತಾನಂತೆ.

ಪೇವಾಯಿ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ಇಲ್ಲ, ಅಮ್ಮಾ" ಎಂದ. "ಬರಲ್ಲ. ಗೆದ್ರೆ ಪುರುಸೊತ್ತು ಇರಲ್ಲ. ಸೋತ್ರೆ ನಿಮ್ಮ ಮುಖ ನೋಡೋಕೆ ನಾಚಿಕೆ ಆಗುತ್ತೆ. ಬರ್ತೀನಿ ಅಂತ ಇಲ್ಲಿ ಹೇಳ್ಬಿಟ್ರೆ ನೀವು ಪ್ರತಿ ಮಂಗಳವಾರ ಕಾಯ್ತೀರಿ. ಅದು ಬೇಡ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಯಾರೋ "ಥೂ" ಅಂದರು. ನಾನು ಮೈಕ್ ಕೊಟ್ಟು ಕೂತೆ.

ಆಮೇಲೆ ಟೀ ಪಾತ್ರೆಯ ಹತ್ತಿರ ಅವನೇ ಬಂದು, "ಬೈಕೊಂಡ್ರಾ?" ಎಂದ.

"ಬೈಕೊಂಡೆ. ಆದ್ರೂ ವೋಟು ನಿಮಗೇ" ಎಂದೆ.

"ಇಡೀ ಹಾಲ್‌ನಲ್ಲಿ ನಿಮ್ಮದೊಂದೇ ಸಿಕ್ಕಿದ್ದು, ಹಾಗಾದ್ರೆ ನಾನು ಸೋತೆ ಅಂತಲೇ ಲೆಕ್ಕ" ಎಂದು ನಕ್ಕು, ನನ್ನ ಕಪ್ಪಿಗೆ ಟೀ ಹಾಕಿ, ಕಾರು ಹತ್ತಿದ.

ಸಂಜೆ ಬಸ್ಸಿನಲ್ಲಿ ಮರಳುವಾಗ ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಅವನು ಹೇಳಿದ್ದು ನಿಜ. ನಾನು ಪ್ರತಿ ಮಂಗಳವಾರ ಕಾಯುತ್ತಿದ್ದೆ.

ನಿನ್ನ ಪ್ರಶ್ನೆ ಕೇಳದೆ ಬಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಲ್ಲಿಗೆ ಬಂದುಬಿಡು, ಕ್ಲಾರೀ. ಹಿಂದಿನ ಕೋಣೆ ಖಾಲಿ ಇದೆ. ಪ್ರತಿದಿನ ಪತ್ರಿಕೆ ಓದಿ ಹೇಳುತ್ತೇನೆ.

ಥೆಲ್ಮಾ

*

ಬ್ಲಫ್
ಅಕ್ಟೋಬರ್ 1

ಪ್ರೀತಿಯ ಥೆಲ್ಮಾ,

ಆಲ್ಫ್ ಕೇಳಿದ್ದನ್ನು ಈಗಲಾದರೂ ಹೇಳಿದ್ದು ಒಳ್ಳೆಯದಾಯಿತು. ಅದರ ಬಗ್ಗೆ ಇನ್ನು ಬರೆಯುವುದು ಬೇಡ. ಸೆಫಿನಾ ಮುಂದೆ ಅಳಲು ಆಗುವುದಿಲ್ಲ, ಅವಳು ಪ್ರಾರ್ಥನೆ ಶುರುಮಾಡಿಬಿಡುತ್ತಾಳೆ.

ಫಲಿತಾಂಶ ಕೇಳಿದೆ. ರೆನ್ವಿಕ್ ಗೆದ್ದಳು. ನಿನ್ನವನು ಕೊನೆಯವನು. ನಾನು ಸೇರಿದ್ದರೆ ಅವನಿಗೆ ಎರಡು ವೋಟಾದರೂ ಆಗುತ್ತಿತ್ತು.

ಅಲ್ಲಿಗೆ ಬರಲಾರೆ. ಈ ಮನೆಯನ್ನು ನನ್ನ ಕೈ ಬಲ್ಲದು. ಯಾವ ಬಾಗಿಲು ಎಲ್ಲಿ ತಾಕುತ್ತದೆ, ಒಲೆ ಎಲ್ಲಿ, ಕೆಟಲ್ ಎಲ್ಲಿ, ಎಲ್ಲ ಗೊತ್ತು. ನಿನ್ನ ಮನೆಯಲ್ಲಿ ನಾನು ಒಂದು ಮೇಜಿನ ಹಾಗೆ, ಇಟ್ಟಲ್ಲಿ ಇರಬೇಕಾಗುತ್ತದೆ. ನೀನು ಇಲ್ಲಿಗೆ ಬಾ ಎನ್ನಲೂ ಬಾಯಿ ಬರುವುದಿಲ್ಲ. ನಿನಗೆ ಶಾಖೆ ಇದೆ. ಇಷ್ಟು ವರ್ಷ ನನಗಿಂತ ಅದೇ ದೊಡ್ಡದಾಗಿತ್ತು. ಇದು ಆಕ್ಷೇಪಣೆಯಲ್ಲ, ಇದ್ದದ್ದು ಹೇಳಿದೆ.

ಚಳಿ ಕಡಿಮೆಯಾಗಿದೆ. ಆರೋಗ್ಯ ನೋಡಿಕೋ.

ಕ್ಲಾರಿ

*

ಫ್ರಾಂಜ್ ಜೋಸೆಫ್
ಅಕ್ಟೋಬರ್ 9

ಕ್ಲಾರೀ,

ಇದನ್ನು ಬಸ್ಸು ನಿಂತ ಊರಿನ ತಂಗುದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ನಾಳೆ ಕ್ವೀನ್ಸ್‌ಟೌನ್, ನಾಡಿದ್ದು ನಿನ್ನ ಬಾಗಿಲು. ಹೇಳದೆ ಬರುತ್ತಿದ್ದೇನೆ, ಹೇಳಿದರೆ ಬೇಡ ಎನ್ನುತ್ತೀಯ. ಸೆಫಿನಾಗೆ ಮಾತ್ರ ಫೋನ್ ಮಾಡಿದ್ದೇನೆ. ಅವಳ ನಂಬರು ಕೊಡುವಷ್ಟಾದರೂ ಬುದ್ಧಿ ನಿನಗಿರಬೇಕಿತ್ತು, ಮೀನು ಕಾರ್ಖಾನೆಗೆ ಫೋನ್ ಮಾಡಿ ಹುಡುಕಿಸಿದೆ. ಹಿಂದಿನ ನಾಲ್ಕು ಕಾಗದವನ್ನೂ ಅವಳು ನೀನು ಹೇಳಿದ ಹಾಗೆ ಬರೆದಿಲ್ಲವಂತೆ, ಬೈಗುಳ ಬಿಟ್ಟು ಬರೆದಿದ್ದಾಳಂತೆ. ಒಳ್ಳೆಯ ಹುಡುಗಿ.

ಎಷ್ಟು ದಿನ ಇರುತ್ತೇನೆ ಎಂದು ನಾನು ಯೋಚಿಸಿಲ್ಲ, ನೀನೂ ಕೇಳಬೇಡ. ಪಕ್ಷದ ಕಚೇರಿಯಿಂದ ಕಾಗದ ಬಂದಿತ್ತು. ನಮ್ಮ ಶಾಖೆಯನ್ನು ವೆಸ್ಟ್‌ಪೋರ್ಟ್‌ಗೆ ಸೇರಿಸುತ್ತಾರಂತೆ, ಹೊಸ ನಾಯಕಿಯ ಸಹಿ ಅಚ್ಚಾಗಿತ್ತು. ಹಾಲ್ ಬೀಗದ ಕೈಯನ್ನು ಜಿಲ್ಲಾ ಕೌನ್ಸಿಲ್ ಕಚೇರಿಗೆ ಕೊಟ್ಟು ಬಂದೆ. ಅಲ್ಲಿನ ಹುಡುಗಿ, "ಇದು ಯಾವ ಹಾಲ್‌ದು?" ಎಂದು ಕೇಳಿದಳು.

ಇದನ್ನು ಯಾಕೆ ಬರೆಯುತ್ತಿದ್ದೇನೆ, ನಾಡಿದ್ದು ಎದುರಿಗೇ ಇರುವಾಗ? ಎದುರಿಗೆ ನಿಂತರೆ ನಾವಿಬ್ಬರೂ ಉಪ್ಪು, ಹವೆ, ರಗ್ಗು ಇದರ ಬಗ್ಗೆಯೇ ಮಾತಾಡುತ್ತೇವೆ. ಈ ಕಾಗದವನ್ನು ಚೀಲದಲ್ಲಿಟ್ಟುಕೊಂಡರೆ ದಾರಿಯಲ್ಲಿ ಹರಿದುಹಾಕುತ್ತೇನೆ. ಅಂಚೆಗೆ ಹಾಕಿದರೆ ನನಗಿಂತ ಎರಡು ದಿನ ತಡವಾಗಿ ಬರುತ್ತದೆ. ಆಗ ನಿನಗೆ ಓದಿ ಹೇಳಬೇಕಾದವಳು ನಾನೇ. ತಪ್ಪಿಸಿಕೊಳ್ಳಲು ಆಗುವುದಿಲ್ಲ.

ನನಗೆ ಶಾಖೆ ನಿನಗಿಂತ ದೊಡ್ಡದಾಗಿತ್ತು ಎಂದೆ ನೀನು. ಕೇಳು. ಗಣಿ ಮಾರಿದಾಗ ನನಗೂ ಬಿಟ್ಟುಹೋಗಬೇಕು ಎನ್ನಿಸಿತ್ತು. ನಿನ್ನಷ್ಟೇ ಸಿಟ್ಟಿತ್ತು ನನಗೆ. ನೀನು ಕಾರ್ಡು ಹರಿದು, ಯಾರ ಕಡೆಗೂ ನೋಡದೆ, ಹಾಲ್‌ನ ಬಾಗಿಲು ದೂಡಿಕೊಂಡು ಹೋದೆ. ಮನೆಗೆ ಬರಲಿಲ್ಲ. ಹಾಗೇ ದಕ್ಷಿಣಕ್ಕೆ ಹೋಗಿಬಿಟ್ಟೆ. ನೀನು ಎದ್ದುಹೋದದ್ದು ಆ ಬಾಗಿಲಿನಿಂದ. ತಿರುಗಿ ಬಂದರೆ ಆ ಬಾಗಿಲಿನಿಂದಲೇ ಬರುತ್ತೀಯ, ಬಂದು ನನ್ನ ಜೊತೆ, ಆಲ್ಫ್ ಜೊತೆ ಮತ್ತೆ ಜಗಳ ಶುರುಮಾಡುತ್ತೀಯ ಎಂದು ನಾನು ನಂಬಿದ್ದೆ. ಬಂದಾಗ ಬೀಗ ಹಾಕಿರಬಾರದಲ್ಲ. ಅಷ್ಟೇ ಕಾರಣ. ಪಕ್ಷ ಯಾರದ್ದಾದರೆ ನನಗೇನು?

ಒಬ್ಬೊಬ್ಬರೇ ಹೋದರು. ನಾನು ಬಾಗಿಲಿಗೆ ಮುಖ ಮಾಡಿ ಕೂತೇ ಇದ್ದೆ. ಆ ದಿನ ಆ ಹುಡುಗ ಪೇವಾಯಿ ವೇದಿಕೆಯ ಮೇಲಿಂದ "ಬರಲ್ಲ" ಎಂದಾಗ, ಇಷ್ಟು ವರ್ಷ ನೀನು ಹೇಳದೇ ಇದ್ದದ್ದನ್ನು ಅವನು ಹೇಳಿದ ಹಾಗಾಯಿತು. ಮನೆಗೆ ಬಂದು ಎಲ್ಲ ದೀಪ ಹಾಕಿ ಕೂತೆ. ಕಾಯುವವರು ಎದ್ದು ಹೋಗಲೂಬಹುದು ಎನ್ನುವುದು ಆವರೆಗೆ ನನಗೆ ಹೊಳೆದೇ ಇರಲಿಲ್ಲ.

ನಿನಗೆ ಓದಿ ಮುಗಿಸಿದೆ, ಕ್ಲಾರೀ. ನನ್ನ ದನಿ ಎಲ್ಲಾದರೂ ನಡುಗಿದ್ದರೆ ಕನ್ನಡಕ ಸರಿಯಿಲ್ಲ ಎಂದುಕೋ. ಇನ್ನು ನಾನು ಸುಮ್ಮನೆ ಕೂರುತ್ತೇನೆ. ಮಾತಾಡಬೇಕಾದವನು ನೀನು.

ಥೆಲ್ಮಾ